ಕಾಲು ಜೋಮು ಹಿಡಿದರೆ ಡಬ್ಬಿ ಗುಳಿಗೆ ಸಾಕೇ?

(ಸಂಘದ ಸಭೆಯಲ್ಲಿ ಒಬ್ಬರು ಓದಿ, ಎಲ್ಲರೂ ಕೂಡಿ ಚರ್ಚಿಸಬೇಕಾದ ಪಾಠ)



ರಾಮಸಮುದ್ರ ಮತ್ತು ಸುತ್ತಲಿನ ಹಳ್ಳಿಗಳ ಸಂಘಗಳಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಆರೋಗ್ಯದ ಮಾತು ಬಂದೇ ಬರುತ್ತದೆ. "ರಾತ್ರಿ ಅಂಗಾಲು ಉರೀತಾವ್ರಿ", "ಕಾಲಾಗ ಇರುವಿ ಹರದಂಗ ಆಗ್ತದ", "ಕಾಲಾಗಿನ ಚಪ್ಪಲಿ ಬಿಚ್ಚಿ ಹೋದ್ರೂ ಗೊತ್ತಾಗಂಗಿಲ್ಲ" ಎಂದು ನಲವತ್ತು ದಾಟಿದ ಅನೇಕರು ಹೇಳುತ್ತಾರೆ. ಇದರ ಜೊತೆಗೆ ಈಗ ಇನ್ನೊಂದು ಪ್ರಶ್ನೆಯೂ ಬರುತ್ತಿದೆ: "ಆಂಟಿಆಕ್ಸಿಡೆಂಟ್ ಗುಳಿಗಿ ತಗೊಂಡ್ರ ಸಕ್ರಿನೂ ಇಳೀತದ, ನರಕ್ಕೂ ಶಕ್ತಿ ಬರ್ತದ ಅಂತಾರ. ಖರೇ ಏನ್ರಿ?"

ಪ್ರಶ್ನೆ ಒಳ್ಳೆಯದು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಗುಳಿಗೆಗಳಿಂದ ಕೆಲವರಿಗೆ ಸ್ವಲ್ಪ ದಿನ ಉರಿ, ನೋವು ಕಡಿಮೆ ಆಗಬಹುದು. ಆದರೆ ಸಕ್ಕರೆ ಪರೀಕ್ಷೆ, ವೈದ್ಯರು ಬರೆದ ಔಷಧಿ, ಪಾದದ ಕಾಳಜಿ ಈ ಮೂರರ ಜಾಗದಲ್ಲಿ ಯಾವ ಡಬ್ಬಿ ಗುಳಿಗೆಯೂ ನಿಲ್ಲುವುದಿಲ್ಲ. ಡಬ್ಬಿಯನ್ನು ನಂಬಿ ಈ ಮೂರನ್ನು ಬಿಟ್ಟರೆ ಕಾಲನ್ನೇ ಕಳೆದುಕೊಳ್ಳುವ ಅಪಾಯ ಇದೆ. ಯಾಕೆ ಎಂಬುದನ್ನು ಒಂದೊಂದಾಗಿ ತಿಳಿಯೋಣ.

1. ನರಕ್ಕೆ ಏನಾಗುತ್ತದೆ?

ನರಗಳು ನಮ್ಮ ದೇಹದ ತಂತಿಗಳಿದ್ದಂತೆ. ಮುಳ್ಳು ಚುಚ್ಚಿದ್ದು, ನೀರು ಸುಟ್ಟಿದ್ದು, ಚಪ್ಪಲಿ ಕಚ್ಚಿದ್ದು, ಎಲ್ಲ ಸುದ್ದಿಯನ್ನೂ ಮೆದುಳಿಗೆ ಮುಟ್ಟಿಸುವುದು ಇವೇ. ರಕ್ತದಲ್ಲಿ ಸಕ್ಕರೆ ಬಹಳ ವರ್ಷ ಹೆಚ್ಚಾಗಿಯೇ ಇದ್ದರೆ ಈ ತಂತಿಗಳು, ಅವಕ್ಕೆ ರಕ್ತ ಕೊಡುವ ಸಣ್ಣ ನಾಳಗಳು ನಿಧಾನವಾಗಿ ಕೆಡುತ್ತವೆ. ಎಲ್ಲಕ್ಕಿಂತ ಉದ್ದದ ನರಗಳು ಪಾದಕ್ಕೆ ಹೋಗುತ್ತವೆ. ಆದ್ದರಿಂದ ತೊಂದರೆ ಶುರುವಾಗುವುದು ಕಾಲ್ಬೆರಳಿನಿಂದ. ಮೊದಲು ಜೋಮು, ಉರಿ, ಸೂಜಿ ಚುಚ್ಚಿದ ಹಾಗೆ ನೋವು. ಆಮೇಲೆ ಸ್ಪರ್ಶವೇ ಗೊತ್ತಾಗದ ಸ್ಥಿತಿ.

ಎಷ್ಟೋ ಮಂದಿ "ಈಗ ಉರಿ ನಿಂತದ, ಆರಾಮ ಆಗೇದ" ಎಂದು ಖುಷಿಪಡುತ್ತಾರೆ. ಆದರೆ ಉರಿ ನಿಂತದ್ದು ನರ ವಾಸಿಯಾಗಿ ಅಲ್ಲ, ನರ ಸತ್ತು ಇರಬಹುದು. ನಮ್ಮ ಹೆಣ್ಣುಮಕ್ಕಳು ತೊಗರಿ ಹೊಲದಲ್ಲಿ, ಹತ್ತಿ ಹೊಲದಲ್ಲಿ ದಿನವಿಡೀ ನಡೆಯುವವರು. ತೊಗರಿ ಕೊಯ್ದ ಮೇಲೆ ನಿಂತ ಚೂಪು ಕೂಳೆ, ಜಾಲಿಮುಳ್ಳು ಚುಚ್ಚಿದರೂ ಗೊತ್ತಾಗದಿದ್ದರೆ ಗಾಯ ಅಲ್ಲೇ ಕೀವಾಗುತ್ತದೆ. ಸಕ್ಕರೆ ಹೆಚ್ಚಿದ್ದರೆ ಗಾಯ ಬೇಗ ಮಾಯುವುದಿಲ್ಲ. ಕಡೆಗೆ ಬೆರಳು ಅಥವಾ ಪಾದ ತೆಗೆಯಬೇಕಾಗುತ್ತದೆ. ದುಡಿಯುವ ಹೆಣ್ಣುಮಗಳ ಕಾಲು ಹೋದರೆ ಆ ಮನೆಯ ಕೂಲಿ ಹೋಯಿತು, ಸಂಘದ ಕಂತೂ ನಿಂತಿತು.

2. ಆಂಟಿಆಕ್ಸಿಡೆಂಟ್ ಅಂದರೇನು?

ಬದನೆಕಾಯಿ ಹೆಚ್ಚಿ ಇಟ್ಟರೆ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ. ಹಳೆಯ ಶೇಂಗಾ ಬೀಜ ಕಮಟು ವಾಸನೆ ಬರುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ತಾಗಿ ಹೀಗೆ ಆಗುತ್ತದೆ. ಹೆಚ್ಚಿದ ಬದನೆಕಾಯಿಯನ್ನು ನಿಂಬೆರಸ ಹಿಂಡಿದ ನೀರಿಗೆ ಹಾಕಿದರೆ ಕಪ್ಪಾಗುವುದು ಕಡಿಮೆ. ಇಂಥ ಕೆಡುಕನ್ನು ತಡೆಯುವ ವಸ್ತುವಿಗೆ ಆಂಟಿಆಕ್ಸಿಡೆಂಟ್ ಎನ್ನುತ್ತಾರೆ.

ನಮ್ಮ ದೇಹವೂ ಉಂಡ ಅನ್ನವನ್ನು ಉರಿಸಿ ಶಕ್ತಿ ಮಾಡಿಕೊಳ್ಳುತ್ತದೆ. ಒಲೆ ಉರಿಯುವಾಗ ಕಿಡಿ ಹಾರುವ ಹಾಗೆ ದೇಹದಲ್ಲೂ ಕೆಲವು ಕಿಡಿಗಳು ಹುಟ್ಟುತ್ತವೆ. ದೇಹ ತಾನೇ ಅವನ್ನು ಆರಿಸಿಕೊಳ್ಳುತ್ತದೆ. ವಿಟಮಿನ್ ಸಿ, ವಿಟಮಿನ್ ಇ ಮುಂತಾದವು ಊಟದಿಂದ ಬಂದು ಈ ಕೆಲಸಕ್ಕೆ ಸಹಾಯ ಮಾಡುತ್ತವೆ. ಆಲ್ಫಾ ಲಿಪೋಯಿಕ್ ಆಮ್ಲ ಎಂಬ ವಸ್ತುವನ್ನು ನಮ್ಮ ದೇಹವೇ ತಯಾರಿಸುತ್ತದೆ. ಔಷಧ ಅಂಗಡಿಯಲ್ಲಿ "ನರದ ಗುಳಿಗೆ" ಎಂದು ಕೊಡುವ ಅನೇಕ ಗುಳಿಗೆಗಳಲ್ಲಿ ಇದೇ ಇರುತ್ತದೆ, ಜೊತೆಗೆ ಬಿ12, ಬಿ6, ಫೋಲಿಕ್ ಆಮ್ಲ ಸೇರಿರುತ್ತವೆ.

ಸಕ್ಕರೆ ಹೆಚ್ಚಿದ್ದಾಗ ಕಿಡಿಗಳು ಹೆಚ್ಚುತ್ತವೆ, ಅವು ನರವನ್ನು ಕೆಡಿಸುತ್ತವೆ ಎಂಬುದು ನಿಜ. ಹಾಗಾದರೆ ಆಂಟಿಆಕ್ಸಿಡೆಂಟ್ ನುಂಗಿದರೆ ನರ ಉಳಿಯಬೇಕಲ್ಲ? ಹೀಗೆಂದು ವಿಜ್ಞಾನಿಗಳೂ ಯೋಚಿಸಿದರು. ಆದರೆ ಒಲೆಗೆ ತುಂಬಿದ ಕಟ್ಟಿಗೆಯನ್ನು ಹಿಂದಕ್ಕೆ ಎಳೆಯದೆ, ಹಾರುವ ಕಿಡಿಗೆ ಮಾತ್ರ ನೀರು ಚಿಮುಕಿಸಿದರೆ ಎಷ್ಟು ಹೊತ್ತು ನಡೆದೀತು? ಕಟ್ಟಿಗೆ ಹಿಂದಕ್ಕೆ ಎಳೆಯುವುದು ಎಂದರೆ ಸಕ್ಕರೆ ಹತೋಟಿಯಲ್ಲಿ ಇಡುವುದು.

3. ಪರೀಕ್ಷೆ ಮಾಡಿ ನೋಡಿದಾಗ ಏನು ಕಂಡಿತು?

ಆಲ್ಫಾ ಲಿಪೋಯಿಕ್ ಆಮ್ಲವನ್ನು ಜರ್ಮನಿಯಲ್ಲಿ ಬಹಳ ವರ್ಷಗಳಿಂದ ನರದ ತೊಂದರೆಗೆ ಕೊಡುತ್ತಿದ್ದಾರೆ. 2006ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 181 ಮಂದಿ ರೋಗಿಗಳು ಇದ್ದರು. ಐದು ವಾರ ಗುಳಿಗೆ ತೆಗೆದುಕೊಂಡವರಲ್ಲಿ ಉರಿ, ಚುಚ್ಚು ನೋವು ಸ್ವಲ್ಪ ಇಳಿಯಿತು. 2011ರಲ್ಲಿ ಇನ್ನೊಂದು ದೊಡ್ಡ ಪರೀಕ್ಷೆಯ ಫಲ ಬಂತು. 460 ಮಂದಿಯನ್ನು ನಾಲ್ಕು ವರ್ಷ ನೋಡಿದ್ದರು. ಮುಖ್ಯವಾಗಿ ಅಳೆಯಬೇಕೆಂದು ಇಟ್ಟುಕೊಂಡಿದ್ದ ವಿಷಯದಲ್ಲಿ ಗುಳಿಗೆ ತೆಗೆದುಕೊಂಡವರಿಗೂ ಬರೀ ಹುಸಿ ಗುಳಿಗೆ ತೆಗೆದುಕೊಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2024ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯವರು ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ನಡೆದ ಪರೀಕ್ಷೆಗಳನ್ನು ಕೂಡಿಸಿ ನೋಡಿದರು. ಆರು ತಿಂಗಳ ಮೇಲೆ ಈ ಗುಳಿಗೆಯಿಂದ ನರದ ತೊಂದರೆಯ ಲಕ್ಷಣಗಳಲ್ಲಿ ಬಹುಶಃ ಏನೂ ವ್ಯತ್ಯಾಸ ಇಲ್ಲ, ಇದ್ದರೂ ಬಹಳ ಕಡಿಮೆ ಎಂದು ಹೇಳಿದರು.

ಇದಕ್ಕೆ ಎದುರಾಗಿ ಸಕ್ಕರೆ ಹತೋಟಿಯ ಪರೀಕ್ಷೆ ನೋಡಿರಿ. 1993ರಲ್ಲಿ ಅಮೆರಿಕ ಮತ್ತು ಕೆನಡಾದ 1,441 ರೋಗಿಗಳ ಪರೀಕ್ಷೆ ಪ್ರಕಟವಾಯಿತು. ಇವರು ಚಿಕ್ಕ ವಯಸ್ಸಿನಲ್ಲೇ ಶುರುವಾಗುವ, ಇನ್ಸುಲಿನ್ ಬೇಕೇ ಬೇಕಾದ ಸಕ್ಕರೆ ಕಾಯಿಲೆಯವರು. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿ ಇಟ್ಟವರಲ್ಲಿ ನರದ ತೊಂದರೆ ಶೇಕಡಾ 60ರಷ್ಟು ಕಡಿಮೆ ಆಗಿತ್ತು. ದೊಡ್ಡವರಾದ ಮೇಲೆ ಬರುವ ಕಾಯಿಲೆಯಲ್ಲಿ ಲಾಭ ಇಷ್ಟು ದೊಡ್ಡದಿಲ್ಲ. ಆದರೂ ಕಣ್ಣು, ಮೂತ್ರಪಿಂಡ, ನರ ಮೂರನ್ನೂ ಉಳಿಸುವ ಮೊದಲ ದಾರಿ ಸಕ್ಕರೆ ಹತೋಟಿಯೇ.

4. ಹೆಚ್ಚಾದರೆ ಹಾನಿಯೂ ಇದೆ

"ವಿಟಮಿನ್ ಅಲ್ಲೇನು, ತಿಂದ್ರ ಏನಾಗ್ತದ" ಎನ್ನುವ ಮಾತು ಸರಿಯಲ್ಲ.

- ಬಿ6 ವಿಟಮಿನ್ ಅನ್ನು ಹೆಚ್ಚು ಪ್ರಮಾಣದಲ್ಲಿ ಬಹಳ ದಿನ ತೆಗೆದುಕೊಂಡರೆ ಅದೇ ನರವನ್ನು ಕೆಡಿಸುತ್ತದೆ. ಜೋಮಿಗೆಂದು ತಿಂದ ಗುಳಿಗೆಯಿಂದಲೇ ಜೋಮು ಹೆಚ್ಚುತ್ತದೆ. ಎರಡು ಮೂರು ಬಗೆಯ ಡಬ್ಬಿ ಒಟ್ಟಿಗೆ ತಿನ್ನುವವರು ಇದನ್ನು ಮರೆಯಬಾರದು.
- ಆಲ್ಫಾ ಲಿಪೋಯಿಕ್ ಆಮ್ಲದಿಂದ ಕೆಲವರಿಗೆ ಹೊಟ್ಟೆ ತೊಳಸುವುದು, ಎದೆ ಉರಿ ಬರುತ್ತದೆ. ಬಹಳ ಅಪರೂಪಕ್ಕೆ ಕೆಲವರಲ್ಲಿ ಸಕ್ಕರೆ ಒಮ್ಮೆಲೇ ಕುಸಿದದ್ದೂ ಉಂಟು. ಸಕ್ಕರೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಇದನ್ನು ಸೇರಿಸಬಾರದು.
- 1994ರಲ್ಲಿ ಫಿನ್ಲೆಂಡ್ ದೇಶದಲ್ಲಿ ಸಿಗರೇಟು ಸೇದುವ 29,133 ಗಂಡಸರ ಪರೀಕ್ಷೆಯ ಫಲ ಬಂತು. ಬೀಟಾ ಕ್ಯಾರೋಟಿನ್ ಎಂಬ ಆಂಟಿಆಕ್ಸಿಡೆಂಟ್ ಗುಳಿಗೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗಲಿಲ್ಲ, ಶೇಕಡಾ 18ರಷ್ಟು ಹೆಚ್ಚಾಯಿತು. ಗಜ್ಜರಿ ತಿಂದರೆ ಹೀಗೆ ಆಗುವುದಿಲ್ಲ, ಹೆದರಬೇಡಿರಿ. ಊಟದಲ್ಲಿ ಇರುವುದು ಬೇರೆ, ಗುಳಿಗೆ ಮಾಡಿ ರಾಶಿ ನುಂಗುವುದು ಬೇರೆ.

5. ಎಲ್ಲ ಜೋಮಿಗೂ ಸಕ್ಕರೆಯೇ ಕಾರಣವಲ್ಲ

ಕಾಲು ಜೋಮಿಗೆ ಬೇರೆ ಕಾರಣಗಳೂ ಇವೆ. ಕಾರಣ ತಿಳಿಯದೆ ಗುಳಿಗೆ ನುಂಗಿದರೆ ಮೂಲ ಕಾಯಿಲೆ ಒಳಗೇ ಬೆಳೆಯುತ್ತದೆ.

ಬಿ12 ಕೊರತೆ: ಇದು ನಮ್ಮಲ್ಲಿ ಮುಖ್ಯವಾದದ್ದು. ಬಿ12 ಕಾಳು, ಪಲ್ಲೆಗಳಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ತತ್ತಿ, ಮೀನು, ಮಾಂಸದಲ್ಲಿ ಸಿಗುತ್ತದೆ. ಹಾಲೂ ಕಡಿಮೆ, ತತ್ತಿಯೂ ಇಲ್ಲ ಎಂಬ ಮನೆಗಳಲ್ಲಿ ಕೊರತೆ ಬರಬಹುದು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಗುಳಿಗೆಯನ್ನು ಅನೇಕ ವರ್ಷ ತೆಗೆದುಕೊಂಡವರಲ್ಲೂ ಬಿ12 ಇಳಿಯುತ್ತದೆ. ಹಾಗೆಂದು ಮೆಟ್‌ಫಾರ್ಮಿನ್ ಬಿಡಬೇಡಿರಿ. "ಡಾಕ್ಟ್ರೇ, ಬಿ12 ತಪಾಸ ಮಾಡಬೇಕೇನ್ರಿ?" ಎಂದು ಕೇಳಿರಿ. ಕೊರತೆ ಇದ್ದರೆ ಗುಳಿಗೆ ಅಥವಾ ಸೂಜಿಮದ್ದಿನಿಂದ ನಿಜವಾಗಿಯೂ ಗುಣ ಕಾಣುತ್ತದೆ. ಇಲ್ಲಿ ವಿಟಮಿನ್ ಔಷಧಿಯೇ ಆಗುತ್ತದೆ, ಯಾಕೆಂದರೆ ಕೊರತೆ ಇದ್ದದ್ದು ಅದರದ್ದೇ.

ಕ್ಷಯರೋಗದ ಔಷಧಿ: ಟಿಬಿಗೆ ಕೊಡುವ ಐಸೋನಿಯಾಜಿಡ್ ಗುಳಿಗೆಯಿಂದ ಜೋಮು ಬರಬಹುದು. ಅದಕ್ಕೇ ಆಸ್ಪತ್ರೆಯವರು ಜೊತೆಗೆ ಸಣ್ಣ ಪ್ರಮಾಣದ ಬಿ6 ಕೊಡುತ್ತಾರೆ. ಅದನ್ನು ತಪ್ಪದೆ ತೆಗೆದುಕೊಳ್ಳಬೇಕು.

ಕುಷ್ಠರೋಗ: ಚರ್ಮದ ಮೇಲೆ ಬಿಳಿಚಿದ ಅಥವಾ ಕೆಂಪಗಿನ ಮಚ್ಚೆ ಇದ್ದು ಅಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಕೂಡಲೇ ತೋರಿಸಿರಿ. ಔಷಧಿ ಉಚಿತ, ಪೂರ್ತಿ ಗುಣವಾಗುತ್ತದೆ. ಮುಚ್ಚಿಡುವುದರಿಂದಲೇ ಅಂಗ ಕೆಡುತ್ತದೆ.

ಸೆರೆ ಕುಡಿತ, ಥೈರಾಯಿಡ್, ಬೆನ್ನುಹುರಿಯ ತೊಂದರೆ ಕೂಡ ಕಾರಣ ಆಗಬಹುದು. ಉರಿ, ನೋವು ತಡೆಯಲಾಗದಿದ್ದರೆ ಅದಕ್ಕೂ ಬೇರೆ ಔಷಧಿಗಳು ಇವೆ. ಅವನ್ನು ವೈದ್ಯರೇ ಬರೆಯಬೇಕು.

6. ನಮ್ಮ ಹೊಲ, ನಮ್ಮ ಅಡುಗೆಮನೆ

ಆಂಟಿಆಕ್ಸಿಡೆಂಟ್ ಬೇಕೆಂದರೆ ಮೊದಲು ನಮ್ಮ ಮನೆಯಲ್ಲೇ ಹುಡುಕೋಣ.

- ವಿಟಮಿನ್ ಸಿ: ನೆಲ್ಲಿಕಾಯಿ, ಪೇರಲ ಹಣ್ಣು, ನಿಂಬೆಹಣ್ಣು, ನುಗ್ಗಿ ಸೊಪ್ಪು. ಬಹಳ ಕುದಿಸಿದರೆ ಸಿ ವಿಟಮಿನ್ ಹಾಳಾಗುತ್ತದೆ. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿರಿ.
- ವಿಟಮಿನ್ ಇ: ಶೇಂಗಾ, ಕುಸುಬಿ ಎಣ್ಣೆ.
- ಕ್ಯಾರೋಟಿನ್: ರಾಜಗಿರಿ, ಮೆಂತೆ, ಪುಂಡಿಪಲ್ಲೆ, ಗಜ್ಜರಿ, ಪಪ್ಪಾಯಿ.
- ಹಸಿಯಾಗಿ ರೊಟ್ಟಿ ಜೊತೆ ತಿನ್ನುವ ಹಕ್ಕರಕಿ, ಮೂಲಂಗಿ, ಉಳ್ಳಾಗಡ್ಡಿ. ಅಗಸಿ ಹಿಂಡಿ, ಗುರೆಳ್ಳು ಹಿಂಡಿಯೂ ಒಳ್ಳೆಯವು, ಆದರೆ ಉಪ್ಪು ಹಿಡಿತದಲ್ಲಿ ಇರಲಿ.

ಒಂದು ಎಚ್ಚರ. "ಜ್ವಾಳದ ರೊಟ್ಟಿ ಎಷ್ಟು ತಿಂದ್ರೂ ಸಕ್ರಿ ಏರಂಗಿಲ್ಲ" ಎನ್ನುವುದು ತಪ್ಪು. ಅನ್ನಕ್ಕಿಂತ ರೊಟ್ಟಿಯಲ್ಲಿ ನಾರು ಹೆಚ್ಚು ನಿಜ, ಆದರೂ ರಾಶಿ ತಿಂದರೆ ಸಕ್ಕರೆ ಏರುತ್ತದೆ. ತಾಟಿನಲ್ಲಿ ಅರ್ಧ ಭಾಗ ಪಲ್ಲೆ-ತರಕಾರಿ, ಕಾಲು ಭಾಗ ಬೇಳೆ, ಕಾಳು ಅಥವಾ ತತ್ತಿ, ಇನ್ನು ಕಾಲು ಭಾಗ ರೊಟ್ಟಿ ಅಥವಾ ಅನ್ನ ಇರಲಿ. ತೊಗರಿ ಬೆಳೆಯುವ ನಾಡಿನವರು ನಾವು, ನಮ್ಮ ತಾಟಿನಲ್ಲಿಯೇ ಬೇಳೆ ತೆಳ್ಳಗೆ ನೀರಾಗಿ ಇರಬಾರದು. ಸಕ್ಕರೆ ಬದಲು ಬೆಲ್ಲ ಹಾಕಿದ ಚಹಾ ಕುಡಿದರೂ ಸಕ್ಕರೆ ಏರುತ್ತದೆ. ಮನೆಮಂದಿ ಎಲ್ಲ ಉಂಡ ಮೇಲೆ ಉಳಿದ ರೊಟ್ಟಿ, ಖಾರ ಉಂಡು ಏಳುವ ಪದ್ಧತಿಯನ್ನು ನಾವು ಬಿಡಬೇಕು. ಪಲ್ಲೆ, ಬೇಳೆ ನಮಗೂ ಒಂದು ಪಾಲು ತೆಗೆದಿಡಬೇಕು.

7. ಸಭೆಯಲ್ಲೇ ಮಾಡಬಹುದಾದ ಆರು ಬೆರಳಿನ ಪರೀಕ್ಷೆ

ಇದು ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯವರು ರೂಪಿಸಿದ ಸರಳ ವಿಧಾನ. ಯಂತ್ರ ಬೇಡ, ಖರ್ಚಿಲ್ಲ. ಇಬ್ಬಿಬ್ಬರು ಜೋಡಿ ಆಗಿರಿ.

- ಒಬ್ಬರು ಕಾಲು ಚಾಚಿ ಕಣ್ಣು ಮುಚ್ಚಿ ಕುಳಿತುಕೊಳ್ಳಲಿ. ಮುಟ್ಟಿದ್ದು ಗೊತ್ತಾದ ಕೂಡಲೇ "ಬಲ" ಅಥವಾ "ಎಡ" ಎಂದು ಹೇಳಲಿ.
- ಇನ್ನೊಬ್ಬರು ತೋರುಬೆರಳಿನಿಂದ ಕಾಲ್ಬೆರಳಿನ ತುದಿಯನ್ನು ಹಗುರವಾಗಿ, ಒಂದೆರಡು ಸೆಕೆಂಡು ಮುಟ್ಟಲಿ. ಒತ್ತಬಾರದು, ತಿಕ್ಕಬಾರದು, ಗೊತ್ತಾಗಲಿಲ್ಲವೆಂದು ಅದೇ ಬೆರಳನ್ನು ಮತ್ತೆ ಮುಟ್ಟಬಾರದು.
- ಕ್ರಮ: ಬಲ ಹೆಬ್ಬೆರಳು, ಬಲ ಕಿರುಬೆರಳು, ಎಡ ಹೆಬ್ಬೆರಳು, ಎಡ ಕಿರುಬೆರಳು, ಬಲ ನಡುಬೆರಳು, ಎಡ ನಡುಬೆರಳು.

ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಪಾದಕ್ಕೆ ಅಪಾಯ ಇದೆ ಎಂದು ತಿಳಿದು ಅದೇ ವಾರ ಆಸ್ಪತ್ರೆಗೆ ಹೋಗಬೇಕು. ಎಲ್ಲ ಗೊತ್ತಾದರೂ ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ವೈದ್ಯರಿಗೆ ಪಾದ ತೋರಿಸಬೇಕು.

8. ದಿನಾ ಪಾದಕ್ಕೆ ಐದು ನಿಮಿಷ

- ಹೊಲದಿಂದ ಬಂದ ಮೇಲೆ ಪಾದ ತೊಳೆದು, ಬೆರಳ ಸಂದಿಯಲ್ಲೂ ಒರೆಸಿ, ಬೆಳಕಿನಲ್ಲಿ ಅಂಗಾಲು ನೋಡಿರಿ. ಬಗ್ಗಲು ಆಗದಿದ್ದರೆ ಕೆಳಗೆ ಕನ್ನಡಿ ಇಡಿರಿ, ಇಲ್ಲವೆ ಸೊಸೆಗೆ, ಮೊಮ್ಮಗಳಿಗೆ ನೋಡಲು ಹೇಳಿರಿ.
- ಒಣಗಿ ಬಿರಿದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಿರಿ. ಬೆರಳ ಸಂದಿಗೆ ಹಚ್ಚಬೇಡಿರಿ.
- ಬಿಸಿ ನೀರಲ್ಲಿ ಕಾಲು ಇಡುವುದು, ಇಟ್ಟಂಗಿ ಕಾಯಿಸಿ ಕಾವು ಕೊಡುವುದು ಬೇಡ. ಸುಟ್ಟರೂ ಗೊತ್ತಾಗುವುದಿಲ್ಲ.
- ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿರಿ. ಗಾಯಕ್ಕೆ ಸುಣ್ಣ, ಬೂದಿ, ಸಗಣಿ ಹಚ್ಚಬೇಡಿರಿ.
- ಮನೆಯೊಳಗೂ ಚಪ್ಪಲಿ ಇರಲಿ. ಮೆಟ್ಟುವ ಮೊದಲು ಒಳಗೆ ಹರಳು, ಮುಳ್ಳು ಇದೆಯೇ ಎಂದು ಕೈಯಾಡಿಸಿ ನೋಡಿರಿ.
- ಗಾಯ ಕೆಂಪಾಗಿ ಬಾತರೆ, ಕೀವು, ವಾಸನೆ ಬಂದರೆ, ಬೆರಳು ಕಪ್ಪಾದರೆ ಅದೇ ದಿನ ಆಸ್ಪತ್ರೆಗೆ ಹೋಗಿರಿ. ಸಂತೆ ದಿನದ ತನಕ ಕಾಯಬೇಡಿರಿ.

9. ಸಾಲ ತೆಗೆಯುವ ಮುನ್ನ ಲೆಕ್ಕ

ಒಬ್ಬ ಸದಸ್ಯೆ ದಿನಕ್ಕೆ 30 ರೂಪಾಯಿಯ ಒಂದು ಗುಳಿಗೆ ತೆಗೆದುಕೊಳ್ಳುತ್ತಾಳೆ ಎಂದು ಇಟ್ಟುಕೊಳ್ಳಿರಿ. ತಿಂಗಳಿಗೆ 900 ರೂಪಾಯಿ, 12 ತಿಂಗಳಿಗೆ 10,800 ರೂಪಾಯಿ. ಆಕೆ ಸಂಘದಲ್ಲಿ ವಾರಕ್ಕೆ 50 ರೂಪಾಯಿ ಉಳಿಸಿದರೆ ವರ್ಷಕ್ಕೆ ಆಗುವುದು 2,600. ಅಂದರೆ ನಾಲ್ಕು ವರ್ಷದ ಉಳಿತಾಯಕ್ಕಿಂತ ಹೆಚ್ಚು ಹಣವನ್ನು ಒಂದೇ ವರ್ಷದಲ್ಲಿ ಡಬ್ಬಿ ನುಂಗಿತು. ಸಾಲ ತೆಗೆದು ಕೊಂಡರೆ ಬಡ್ಡಿ ಬೇರೆ. ಅದೇ ಹಣದಲ್ಲಿ ಮನೆಗೆ ತತ್ತಿ, ಹಾಲು, ಒಂದು ಜೋಡಿ ಒಳ್ಳೆಯ ಮೆತ್ತನೆ ಚಪ್ಪಲಿ, ಸಕ್ಕರೆ ಪರೀಕ್ಷೆಯ ಖರ್ಚು ಎಲ್ಲ ಆಗುತ್ತಿತ್ತು.

ಮಾರಲು ಬಂದವರನ್ನು ಧೈರ್ಯವಾಗಿ ಪ್ರಶ್ನಿಸಿರಿ. ಆಹಾರ ಪೂರಕ ಎಂದು ಮಾರುವ ಡಬ್ಬಿಯ ಮೇಲೆ 14 ಅಂಕಿಯ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಇರಬೇಕು. ಅದು ಔಷಧಿ ಅಲ್ಲ ಎಂಬ ಮಾತೂ ಡಬ್ಬಿಯ ಮೇಲೇ ಇರುತ್ತದೆ, ಓದಿಸಿ ನೋಡಿರಿ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. "ನೀವೂ ಸೇರ್ರಿ, ಇನ್ನೂ ನಾಲ್ಕು ಮಂದಿನ ಸೇರಸ್ರಿ, ರೊಕ್ಕ ಬರ್ತದ" ಎಂಬ ಚೈನ್ ವ್ಯವಹಾರಕ್ಕೂ 2021ರ ನೇರ ಮಾರಾಟ ನಿಯಮಗಳಲ್ಲಿ ನಿಷೇಧ ಇದೆ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ವೈದ್ಯರೇ ಬರೆದುಕೊಟ್ಟ ಗುಳಿಗೆ ಇದ್ದರೆ ಈ ಪಾಠ ಓದಿ ನೀವಾಗಿ ನಿಲ್ಲಿಸಬೇಡಿರಿ. "ಇದು ಯಾತಕ್ಕ, ಎಷ್ಟು ದಿನ ತಗೋಬೇಕು, ಬಿಟ್ರ ನಡೀತದೇನು?" ಎಂದು ಅವರನ್ನೇ ಕೇಳಿರಿ. ಕೇಳುವುದು ನಮ್ಮ ಹಕ್ಕು.

10. ಎಲ್ಲಿಗೆ ಹೋಗಬೇಕು?

ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ತಿಳಿಸಿತು. ಇದು ಪಟ್ಟಣದವರ, ಶ್ರೀಮಂತರ ಕಾಯಿಲೆ ಮಾತ್ರ ಅಲ್ಲ. 30 ವರ್ಷ ದಾಟಿದ ಎಲ್ಲರಿಗೂ ಸರಕಾರದ ಕಾರ್ಯಕ್ರಮದಲ್ಲಿ ಬಿಪಿ, ಸಕ್ಕರೆ ತಪಾಸಣೆ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿರಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಹೆಚ್ಚಿನ ತಪಾಸಣೆಗೆ ಯಾದಗಿರಿ ಜಿಲ್ಲಾ ಆಸ್ಪತ್ರೆ ಇದೆ.

ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ಎಂದು ಅರ್ಥ. ಲಕ್ಷಣ ಇಲ್ಲದಿದ್ದರೆ ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡುತ್ತಾರೆ. 100ರಿಂದ 125 ಇದ್ದರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ ಎಂದು ತಿಳಿಯಿರಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಹೆಚ್ಚಿನವರಲ್ಲಿ 7ಕ್ಕಿಂತ ಕೆಳಗೆ ಇರಬೇಕು.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಸಂಘದಲ್ಲಿ 30 ದಾಟಿದವರು ಎಷ್ಟು ಮಂದಿ? ಅವರಲ್ಲಿ ಈ ವರ್ಷ ಸಕ್ಕರೆ ತಪಾಸಣೆ ಮಾಡಿಸಿದವರು ಎಷ್ಟು?
2. ಡಬ್ಬಿ ಗುಳಿಗೆ ನಂಬಿ ಆಸ್ಪತ್ರೆಯ ಔಷಧಿ ಬಿಟ್ಟವರು ಇದ್ದಾರೆಯೇ? ಅವರನ್ನು ಬೈಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಯಾರು?
3. ಆರು ಬೆರಳಿನ ಪರೀಕ್ಷೆಯನ್ನು ಈ ದಿನವೇ ಮಾಡೋಣವೇ?
4. ಪೂರಕ ಗುಳಿಗೆ ಕೊಳ್ಳಲು ಸಾಲ ಕೇಳಿದರೆ ಮೊದಲು ವೈದ್ಯರ ಚೀಟಿ ನೋಡಬೇಕು ಎಂದು ಠರಾವು ಬರೆಯೋಣವೇ?

ಚರ್ಚೆಯ ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿರಿ. ಮುಂದಿನ ತಿಂಗಳು ಎಷ್ಟು ಮಂದಿ ತಪಾಸಣೆ ಮಾಡಿಸಿದರು ಎಂಬ ಲೆಕ್ಕವನ್ನು ಉಳಿತಾಯದ ಲೆಕ್ಕದ ಜೊತೆಗೇ ಓದಿರಿ.